ಗಾಯ ಮಾಯಿಸುವ ಮಂತ್ರಗಳು ಮತ್ತು ಪಾತ್ರವರ್ಗಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮಂತ್ರ, ಮಾಟ, ಡ್ರ್ಯಾಗನ್‌ಗಳಿರುವ ಕಾಲ್ಪನಿಕ ಲೋಕದ ರೋಲ್ ಪ್ಲೇಯಿಂಗ್ ಆಟಕ್ಕೆ ಹೊಸದಾಗಿ ಬಂದವರಿಗೆ ಕತ್ತಿಯ ಲೆಕ್ಕಾಚಾರ ಬೇಗ ಅರ್ಥವಾಗುತ್ತದೆ; ಗಾಯ ಮಾಯಿಸುವ ಮಂತ್ರವನ್ನು ಯಾವಾಗ, ಯಾರ ಮೇಲೆ, ಏಕೆ ಬಳಸಬೇಕು ಎಂಬುದು ಮಾತ್ರ ತಿಂಗಳುಗಟ್ಟಲೆ ಕಾಡುತ್ತದೆ. ಹಲವು ವರ್ಷಗಳಿಂದ ಹೀಲರ್, ಅಂದರೆ ಗಾಯ ಮಾಯಿಸುವ, ಪಾತ್ರಗಳನ್ನೇ ಹೆಚ್ಚಾಗಿ ಆಡುತ್ತ ಬಂದಿರುವ, ಆಗಾಗ ಆಟವನ್ನು ನಡೆಸಿಯೂ ಇರುವ ನನಗೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಬೇರೆ ಆಟದ ಹೆಸರನ್ನು ಹೇಳದಿರುವ ಕಡೆಗಳಲ್ಲೆಲ್ಲ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ 2014ರ ಐದನೇ ಆವೃತ್ತಿಯ ನಿಯಮಗಳನ್ನೇ ಆಧಾರವಾಗಿಟ್ಟುಕೊಂಡಿದ್ದೇನೆ. 2024ರ ಪರಿಷ್ಕರಣೆಯಲ್ಲಿ ಬದಲಾದ ಮುಖ್ಯ ಸಂಗತಿಗಳನ್ನು ಆಯಾ ಜಾಗದಲ್ಲಿಯೇ ತಿಳಿಸಿದ್ದೇನೆ.

ಪಾತ್ರವರ್ಗ ಎಂದರೆ ಏನು?

ನೀವು ಆಡುವ ಪಾತ್ರ ಯಾವ ವಿದ್ಯೆಯನ್ನು ಕಲಿತು ಸಾಹಸಕ್ಕೆ ಹೊರಟಿದೆ ಎಂಬುದನ್ನು ತಿಳಿಸುವ ವಿಭಾಗವೇ ಪಾತ್ರವರ್ಗ, ಅಂದರೆ ಕ್ಲಾಸ್. ಯೋಧನಾದ ಫೈಟರ್, ಮಂತ್ರವಾದಿಯಾದ ವಿಝಾರ್ಡ್, ದೈವಭಕ್ತನಾದ ಕ್ಲೆರಿಕ್, ಕೈಚಳಕದ ರೋಗ್ ಮೊದಲಾದವು ಇದಕ್ಕೆ ಉದಾಹರಣೆಗಳು. ಪಾತ್ರ ಎಷ್ಟು ಪೆಟ್ಟು ತಾಳುತ್ತದೆ, ಯಾವ ಆಯುಧ ಹಿಡಿಯುತ್ತದೆ, ಯಾವ ಮಂತ್ರಗಳು ಅದಕ್ಕೆ ಒಲಿಯುತ್ತವೆ ಎಂಬುದನ್ನೆಲ್ಲ ವರ್ಗವೇ ನಿರ್ಧರಿಸುತ್ತದೆ. ಸ್ವಭಾವವನ್ನು ನಿರ್ಧರಿಸುವ ಕೆಲಸ ವರ್ಗದ್ದಲ್ಲ, ಆಡುವವರದು.

ಹಿಟ್ ಪಾಯಿಂಟ್ ಎಂದರೆ ಮೈಯಲ್ಲಿರುವ ರಕ್ತವೇ? ಮಂತ್ರ ನಿಜವಾಗಿ ಏನನ್ನು ಗುಣಪಡಿಸುತ್ತದೆ?

ಇದನ್ನು ಮೊದಲೇ ಸರಿಯಾಗಿ ತಿಳಿದುಕೊಂಡರೆ ಮುಂದಿನ ಅರ್ಧ ಗೊಂದಲ ತಾನಾಗಿ ಕಳೆಯುತ್ತದೆ. ದೇಹದ ಹಾಗೂ ಮನಸ್ಸಿನ ಗಟ್ಟಿತನ, ಬದುಕುವ ಛಲ, ಅದೃಷ್ಟ ಇವೆಲ್ಲ ಸೇರಿ, ಪೆಟ್ಟು ಬಿದ್ದಂತೆಲ್ಲ ಇಳಿಯುವ ಹಿಟ್ ಪಾಯಿಂಟ್ ಎಂಬ ಅಂಕವಾಗುತ್ತದೆ ಎಂದು ಐದನೇ ಆವೃತ್ತಿಯ ನಿಯಮವೇ ಹೇಳುತ್ತದೆ. ಆದ್ದರಿಂದ 28 ಹಿಟ್ ಪಾಯಿಂಟ್ ಇರುವ ಯೋಧ 10 ಕಳೆದುಕೊಂಡನೆಂದರೆ ಅವನ ಮೈಯ ಮೂರನೇ ಒಂದು ಭಾಗ ಕತ್ತರಿಸಿಹೋಯಿತು ಎಂದು ಭಾವಿಸಬೇಕಾಗಿಲ್ಲ. ಗುರಾಣಿಯ ಮೇಲೆ ಬಿದ್ದ ಹೊಡೆತಕ್ಕೆ ತೋಳು ಜೋಮು ಹಿಡಿದಿರಬಹುದು, ಉಸಿರು ಕಟ್ಟಿರಬಹುದು, ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಧೈರ್ಯ ಕುಂದಿರಬಹುದು.

ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಇದೆ. ಒಂದೇ ಒಂದು ಪಾಯಿಂಟ್ ಉಳಿದಿದ್ದರೂ ಯೋಧ ಪೂರ್ಣ ಬಲದಿಂದಲೇ ಹೊಡೆಯುತ್ತಾನೆ. ಸೊನ್ನೆಗೆ ಇಳಿದ ಕ್ಷಣದಲ್ಲಿ ಮಾತ್ರ ಪ್ರಜ್ಞೆ ತಪ್ಪಿ ಬೀಳುತ್ತಾನೆ. ಒಂದಕ್ಕೂ ಇಪ್ಪತ್ತೆಂಟಕ್ಕೂ ನಡುವೆ ಅವನ ಸಾಮರ್ಥ್ಯದಲ್ಲಿ ಯಾವ ವ್ಯತ್ಯಾಸವೂ ಇಲ್ಲ, ಸೊನ್ನೆಗೂ ಒಂದಕ್ಕೂ ನಡುವೆ ಅಜಗಜಾಂತರವಿದೆ. ಹೀಲರ್ ಆಡುವವರು ತಂಡಕ್ಕೆ ತಂದುಕೊಡುವುದು ಸರದಿಗಳನ್ನು. ಸಂಗಾತಿಯ ಮುಂದಿನ ಸರದಿ ಕೈತಪ್ಪದಂತೆ ನೋಡಿಕೊಳ್ಳುವುದೇ ಅವರ ವಿದ್ಯೆ.

ಗುಣಪಡಿಸುವ ಶಕ್ತಿ ಕ್ಲೆರಿಕ್ ವರ್ಗಕ್ಕೇ ಏಕೆ ಬಂತು? ವಿಝಾರ್ಡ್‌ಗೆ ಏಕಿಲ್ಲ?

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರು 1974ರಲ್ಲಿ ಹೊರತಂದ ಮೂಲ ಆಟದಲ್ಲಿ ಇದ್ದದ್ದು ಮೂರೇ ವರ್ಗಗಳು: ಕಾದಾಡುವವನು, ಮಂತ್ರ ಬಳಸುವವನು ಮತ್ತು ಕ್ಲೆರಿಕ್. ಕಳ್ಳನ ವರ್ಗ ಸೇರಿದ್ದು 1975ರ ಪುರವಣಿಯಲ್ಲಿ. ಕ್ಲೆರಿಕ್ ಹುಟ್ಟಿದ ಬಗೆ ಕುತೂಹಲಕರವಾಗಿದೆ. ಆರ್ನೆಸನ್ ನಡೆಸುತ್ತಿದ್ದ ಬ್ಲ್ಯಾಕ್‌ಮೂರ್ ಎಂಬ ಆಟದಲ್ಲಿ ಸರ್ ಫ್ಯಾಂಗ್ ಎಂಬ ರಕ್ತಪಿಶಾಚಿಯ ಪಾತ್ರ ಎಲ್ಲರನ್ನೂ ಮೀರಿ ಬೆಳೆದಾಗ, ಅದನ್ನು ಎದುರಿಸಬಲ್ಲ ಒಬ್ಬ ದೈವಭಕ್ತ ಬೇಟೆಗಾರ ಬೇಕಾದನು; ಆ ಬೇಟೆಗಾರನೇ ಕ್ಲೆರಿಕ್ ವರ್ಗದ ಮೂಲ. ಪಿಶಾಚಿಗಳನ್ನು ಓಡಿಸುವುದು ಅವನ ಮೊದಲ ಕೆಲಸವಾಗಿತ್ತು, ಗಾಯ ಮಾಯಿಸುವುದು ಅದರ ಜೊತೆಗೆ ಬಂದ ಕೊಡುಗೆ. ಆ ಕಾಲದ ಕ್ಲೆರಿಕ್‌ಗೆ ಮೊದಲ ಲೆವೆಲ್‌ನಲ್ಲಿ, ಅಂದರೆ ಪಾತ್ರದ ಬೆಳವಣಿಗೆಯ ಮೊದಲ ಮೆಟ್ಟಿಲಿನಲ್ಲಿ, ಒಂದು ಮಂತ್ರವೂ ಇರಲಿಲ್ಲ, ಎರಡನೇ ಲೆವೆಲ್‌ನಿಂದ ಸಿಗುತ್ತಿದ್ದವು. ಸಣ್ಣ ಗಾಯಗಳನ್ನು ಮಾಯಿಸುವ ಮಂತ್ರ ಆರು ಮುಖದ ಒಂದು ದಾಳವನ್ನು ಉರುಳಿಸಿ ಬಂದ ಸಂಖ್ಯೆಗೆ ಒಂದನ್ನು ಕೂಡಿಸಿದಷ್ಟು, ಅಂದರೆ 2ರಿಂದ 7 ಪಾಯಿಂಟ್‌ಗಳನ್ನು, ಮರಳಿಸುತ್ತಿತ್ತು.

ವಿಝಾರ್ಡ್‌ಗೆ ಈ ಮಂತ್ರಗಳನ್ನು ಕೊಡದಿರುವುದರ ಹಿಂದೆ ಆಟದ ಸಮತೋಲನದ ಲೆಕ್ಕವಿದೆ. ಬೆಂಕಿ, ಮಿಂಚು, ಮಾಯಾರೂಪ, ಆಕಾಶಗಮನ ಎಲ್ಲವೂ ಒಬ್ಬರ ಕೈಯಲ್ಲೇ ಇದ್ದು, ಅದರ ಮೇಲೆ ಗಾಯವನ್ನೂ ಅವರೇ ಮಾಯಿಸುವಂತಾದರೆ ಉಳಿದವರು ಜೊತೆಗಿರಬೇಕಾದ ಅಗತ್ಯವೇ ಉಳಿಯುವುದಿಲ್ಲ. ಒಬ್ಬರಿಗೆ ಇನ್ನೊಬ್ಬರು ಬೇಕಾಗುವಂತೆ ಮಾಡುವುದರಲ್ಲಿಯೇ ಪಾತ್ರವರ್ಗಗಳ ಸೊಗಸು ಅಡಗಿದೆ ಎಂದು ನಾನು ನಂಬಿದ್ದೇನೆ.

ಯಾವ ಯಾವ ವರ್ಗಗಳು ಗುಣಪಡಿಸಬಲ್ಲವು? ಅವುಗಳಲ್ಲಿ ವ್ಯತ್ಯಾಸವೇನು?

ಕ್ಲೆರಿಕ್ ಬಳಿ ಈ ವಿದ್ಯೆಯ ಅತಿ ದೊಡ್ಡ ಭಂಡಾರವಿದೆ. ಅದರಲ್ಲಿಯೂ ಜೀವವನ್ನು ಕಾಯುವ ದೈವಕ್ಕೆ ನಡೆದುಕೊಳ್ಳುವ ಲೈಫ್ ಡೊಮೇನ್ ಕ್ಲೆರಿಕ್, ಸ್ಲಾಟ್ (ದಿನಕ್ಕೆ ಇಷ್ಟೇ ಎಂದು ಸಿಗುವ ಮಂತ್ರ ಹಾಕುವ ಅವಕಾಶ) ಬಳಸಿ ಗುಣಪಡಿಸುವ ಪ್ರತಿಯೊಂದು ಮಂತ್ರಕ್ಕೂ 2ನ್ನೂ ಆ ಮಂತ್ರದ ಹಂತವನ್ನೂ (ಪಾತ್ರದ ಲೆವೆಲ್ ಅಲ್ಲ, ಮಂತ್ರದ ಬಲದ ಮೆಟ್ಟಿಲು) ಕೂಡಿಸಿದಷ್ಟು ಹೆಚ್ಚುವರಿ ಪಾಯಿಂಟ್ ಕೊಡುತ್ತಾನೆ. ಮೊದಲ ಹಂತದ ಮಂತ್ರಕ್ಕೆ 3 ಹೆಚ್ಚು ಎಂದಾಯಿತು. ಕೇಳಲು ಅಲ್ಪವೆನಿಸಿದರೂ ಆರಂಭದ ಲೆವೆಲ್‌ಗಳಲ್ಲಿ ಇದು ದೊಡ್ಡ ಮೊತ್ತ.

ಡ್ರೂಯಿಡ್ ಪ್ರಕೃತಿಯಿಂದ ಶಕ್ತಿ ಪಡೆಯುತ್ತಾನೆ. ಅವನ ಗುಡ್‌ಬೆರಿ ಮಂತ್ರದಿಂದ ಹತ್ತು ಹಣ್ಣುಗಳು ಹುಟ್ಟುತ್ತವೆ, ಒಂದೊಂದನ್ನು ತಿಂದರೆ ಒಂದೊಂದು ಪಾಯಿಂಟ್ ಮರಳುತ್ತದೆ, 24 ಗಂಟೆಗಳವರೆಗೆ ಅವು ಕೆಡುವುದಿಲ್ಲ. ಒಂದು ಪಾಯಿಂಟ್‌ಗೆ ಬೆಲೆಯೇನು ಎಂದು ಹೊಸಬರು ಕೇಳುತ್ತಾರೆ. ಸೊನ್ನೆಗೂ ಒಂದಕ್ಕೂ ಇರುವ ಅಂತರವನ್ನು ನೆನಪಿಸಿಕೊಂಡರೆ, ಆ ಹತ್ತು ಹಣ್ಣುಗಳಲ್ಲಿ ಬಿದ್ದ ಸಂಗಾತಿಯನ್ನು ಎಬ್ಬಿಸುವ ಹತ್ತು ಅವಕಾಶಗಳಿವೆ ಎಂಬುದು ಕಾಣುತ್ತದೆ.

ಬಾರ್ಡ್ ಹಾಡು, ಮಾತು, ಕಥೆಗಳ ಬಲದಿಂದ ಮಂತ್ರ ಹಾಕುವವನು. ಕ್ಲೆರಿಕ್‌ನಷ್ಟು ಆಳ ಇಲ್ಲದಿದ್ದರೂ ಮೊದಲ ಹಂತದ ಎರಡು ಮುಖ್ಯ ಮಂತ್ರಗಳು ಅವನಿಗೂ ಸಿಗುತ್ತವೆ. 2014ರ ನಿಯಮದಲ್ಲಿ ತಂಡ ವಿಶ್ರಾಂತಿ ಪಡೆಯುವಾಗ ಅವನು ಹಾಡಿದರೆ ಚೇತರಿಕೆ ಇನ್ನಷ್ಟು ಹೆಚ್ಚುತ್ತಿತ್ತು.

ವ್ರತ ಹಿಡಿದ ಯೋಧನಾದ ಪ್ಯಾಲಡಿನ್ ವರ್ಗವನ್ನು ನಾನು ಅತಿಯಾಗಿ ಮೆಚ್ಚುತ್ತೇನೆ. ಕೈಯಿಟ್ಟು ಗುಣಪಡಿಸುವ ಅವನ ಶಕ್ತಿಗೆ ದಾಳವೇ ಬೇಡ. ಅವನ ಲೆವೆಲ್‌ನ ಐದು ಪಟ್ಟು ಪಾಯಿಂಟ್‌ಗಳ ಒಂದು ನಿಧಿ ಅವನಲ್ಲಿರುತ್ತದೆ, ಅದರಿಂದ ಬೇಕಾದಷ್ಟನ್ನೇ ಅಳೆದು ಕೊಡಬಹುದು. ನಾಲ್ಕನೇ ಲೆವೆಲ್‌ನ ಪ್ಯಾಲಡಿನ್‌ಗೆ ದಿನಕ್ಕೆ 20 ಪಾಯಿಂಟ್. ಜಾಣ ಆಟಗಾರರು ಅದನ್ನು ಒಬ್ಬರಿಗೇ ಸುರಿಯದೆ, ಬಿದ್ದವರಿಗೆ ಒಂದೊಂದೇ ಕೊಟ್ಟು ಎಬ್ಬಿಸುತ್ತ, ಉಳಿದದ್ದನ್ನು ವಿಷಕ್ಕೂ ರೋಗಕ್ಕೂ ಕಾಯ್ದಿಡುತ್ತಾರೆ.

ಇವರಲ್ಲದೆ ರೇಂಜರ್ ಮತ್ತು ಆರ್ಟಿಫಿಸರ್ ವರ್ಗಗಳಿಗೂ ಸ್ವಲ್ಪ ಮಟ್ಟಿಗೆ ಈ ಮಂತ್ರಗಳಿವೆ, 2017ರ ಪುರವಣಿಯಲ್ಲಿ ಬಂದ ಸೆಲೆಸ್ಟಿಯಲ್ ವಾರ್ಲಾಕ್ ಮತ್ತು ಡಿವೈನ್ ಸೋಲ್ ಸಾರ್ಸರರ್ ಕೂಡ ಗುಣಪಡಿಸಬಲ್ಲರು. ಮಂತ್ರವೇ ಇಲ್ಲದ ಹೀಲರ್ ಒಬ್ಬನ ಹೆಸರನ್ನೂ ಹೇಳಬೇಕು. 2008ರ ನಾಲ್ಕನೇ ಆವೃತ್ತಿಯ ವಾರ್‌ಲಾರ್ಡ್ ಕೇವಲ ಹುರಿದುಂಬಿಸುವ ಮಾತಿನಿಂದ ಸಂಗಾತಿಯ ಹಿಟ್ ಪಾಯಿಂಟ್ ಮರಳಿಸುತ್ತಿದ್ದನು. ಕೂಗಿದರೆ ಗಾಯ ಮಾಯುತ್ತದೆಯೇ ಎಂದು ಆಗ ಅನೇಕರು ಆಕ್ಷೇಪಿಸಿದರು. ಹಿಟ್ ಪಾಯಿಂಟ್‌ನಲ್ಲಿ ಛಲವೂ ಧೈರ್ಯವೂ ಸೇರಿವೆ ಎಂದು ಒಪ್ಪಿದ ಮೇಲೆ ಆ ಆಕ್ಷೇಪಕ್ಕೆ ಹುರುಳಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾಳಗದ ನಡುವೆ ಯಾವಾಗ ಗುಣಪಡಿಸಬೇಕು?

ಎಲ್ಲಕ್ಕಿಂತ ಹೆಚ್ಚು ಬಾರಿ ನನಗೆ ಬಂದ ಪ್ರಶ್ನೆ ಇದು, ನಾನೇ ತಪ್ಪು ಮಾಡಿ ಕಲಿತದ್ದೂ ಇದನ್ನೇ. ಆದ್ದರಿಂದ ಒಂದು ಕಾಳಗವನ್ನು ಅಂಕಿಗಳ ಸಮೇತ ಹೇಳುತ್ತೇನೆ.

ನಮ್ಮ ತಂಡ ಮೂರನೇ ಲೆವೆಲ್‌ನಲ್ಲಿತ್ತು. ನನ್ನದು ಕ್ಲೆರಿಕ್, ಮೊದಲ ಹಂತದ ನಾಲ್ಕು ಸ್ಲಾಟ್‌ಗಳೂ ಎರಡನೇ ಹಂತದ ಎರಡು ಸ್ಲಾಟ್‌ಗಳೂ ಕೈಯಲ್ಲಿದ್ದವು. ಎದುರಿಗಿದ್ದದ್ದು ಒಂದು ಓಗರ್. ಆ ದೈತ್ಯನ ಗದೆಯ ಪೆಟ್ಟೊಂದಕ್ಕೆ ಎಂಟು ಮುಖದ ಎರಡು ದಾಳ ಉರುಳಿಸಿ 4 ಕೂಡಿಸಬೇಕು, ಸರಾಸರಿ 13 ಪಾಯಿಂಟ್ ಹೋಗುತ್ತದೆ. 28 ಪಾಯಿಂಟ್‌ನ ನಮ್ಮ ಯೋಧನಲ್ಲಿ 9 ಉಳಿದಿತ್ತು. ನಾನು ಗಾಬರಿಯಿಂದ ಪಕ್ಕಕ್ಕೆ ಓಡಿ, ಮುಟ್ಟಿ ಗುಣಪಡಿಸುವ ಕ್ಯೂರ್ ವೂಂಡ್ಸ್ ಮಂತ್ರ ಹಾಕಿದೆ. ದಾಳದಲ್ಲಿ 5 ಬಿತ್ತು, ನನ್ನ ಪಾತ್ರದ ವಿವೇಕ ಗುಣಕ್ಕೆ ಸಿಗುವ 3 ಸೇರಿ 8 ಆಯಿತು. ಯೋಧ 17ಕ್ಕೆ ಏರಿದ. ಓಗರ್ ಹೊಡೆದ ಪೆಟ್ಟಿಗೆ 14 ಹೋಗಿ 3ಕ್ಕೆ ಇಳಿದ. ಮತ್ತೆ ಅದೇ ಮಂತ್ರ ಹಾಕಿದಾಗ 6 ಬಂದು ಯೋಧ ಪುನಃ 9ಕ್ಕೆ ನಿಂತ. ಎರಡು ಸ್ಲಾಟ್, ಎರಡು ಸರದಿ ಖರ್ಚಾಗಿದ್ದವು, ನಾವು ಹೊರಟ ಜಾಗದಲ್ಲೇ ಇದ್ದೆವು. ಮೂರನೆಯ ಪೆಟ್ಟು 12ರದು; ಯೋಧ ನೆಲಕ್ಕುರುಳಿದ.

ಆಗ ಪಕ್ಕದಲ್ಲಿದ್ದ ಹಿರಿಯ ಆಟಗಾರರೊಬ್ಬರು ಏನನ್ನೂ ಹೇಳದೆ ನನ್ನ ಕ್ಯಾರೆಕ್ಟರ್ ಶೀಟ್‌ನಲ್ಲಿ ಹೀಲಿಂಗ್ ವರ್ಡ್ ಎಂದು ಬರೆದಿದ್ದ ಸಾಲಿನ ಮೇಲೆ ಬೆರಳಿಟ್ಟರು. ಅದು 60 ಅಡಿ ದೂರದಿಂದಲೇ ಹಾಕಬಹುದಾದ ಮಂತ್ರ, ಬೋನಸ್ ಆಕ್ಷನ್ ಎಂಬ ಸಣ್ಣ ಅವಕಾಶದಲ್ಲಿಯೇ ಮುಗಿಯುತ್ತದೆ. ನಾಲ್ಕು ಮುಖದ ದಾಳದಲ್ಲಿ ಬಿದ್ದ 3ಕ್ಕೆ 3 ಕೂಡಿಸಿ 6 ಕೊಟ್ಟೆ, ಸರದಿಯ ಮುಖ್ಯ ಅವಕಾಶವಾದ ಆಕ್ಷನ್ ಇನ್ನೂ ಉಳಿದಿದ್ದರಿಂದ, ಸ್ಲಾಟ್ ಬೇಡದ ಸೇಕ್ರೆಡ್ ಫ್ಲೇಮ್ ಎಂಬ ಸಣ್ಣ ಮಂತ್ರದಿಂದ (ಕ್ಯಾಂಟ್ರಿಪ್) ಓಗರ್‌ನ ಮೇಲೆ ದಿವ್ಯಾಗ್ನಿಯನ್ನೂ ಇಳಿಸಿದೆ. ಯೋಧ ತನ್ನ ಸರದಿ ಬಂದಾಗ ಅರ್ಧ ನಡಿಗೆಯನ್ನು ವ್ಯಯಿಸಿ ಎದ್ದು ನಿಂತು, ಕತ್ತಿ ಬೀಸಿದ. ಓಗರ್ ಬಿದ್ದ.

ಈ ಕಾಳಗದಿಂದ ನಾನು ಕಲಿತ ಲೆಕ್ಕ ಹೀಗಿದೆ. ನಿಮ್ಮ ಮಂತ್ರ ಮರಳಿಸುವ ಮೊತ್ತ ಶತ್ರುವಿನ ಒಂದು ಪೆಟ್ಟಿಗಿಂತ ಕಡಿಮೆಯಿದ್ದರೆ, ನಿಂತಿರುವ ಸಂಗಾತಿಗೆ ಅದನ್ನು ಸುರಿಯುವುದು ತೂತು ಕೊಡಕ್ಕೆ ನೀರು ತುಂಬಿದಂತೆ. ಆ ಸ್ಲಾಟ್‌ನಲ್ಲಿ ಗೈಡಿಂಗ್ ಬೋಲ್ಟ್ ಎಂಬ ದಾಳಿಯ ಮಂತ್ರ ಹಾಕಿದ್ದರೆ, ತಗುಲಿದಾಗ ಸರಾಸರಿ 14 ಪಾಯಿಂಟ್ ಪೆಟ್ಟು ಬೀಳುತ್ತಿತ್ತು, ಮುಂದಿನ ಸಂಗಾತಿಯ ಹೊಡೆತಕ್ಕೂ ಅನುಕೂಲವಾಗುತ್ತಿತ್ತು. ಶತ್ರು ಒಂದು ಸುತ್ತು ಮೊದಲೇ ಸತ್ತರೆ ಅವನು ಕೊಡಬೇಕಿದ್ದ ಪೆಟ್ಟುಗಳೆಲ್ಲ ಬೀಳದೆಯೇ ಗುಣವಾದವು ಎಂದು ತಿಳಿಯಬೇಕು.

ಹಾಗಾದರೆ ಸಂಗಾತಿ ಬೀಳುವವರೆಗೂ ಕಾಯುವುದೇ ಸರಿಯೇ?

ಯಾವಾಗಲೂ ಅಲ್ಲ. ಇದನ್ನು ನಿಯಮವೆಂದು ಹಿಡಿದು ಕಣ್ಣುಮುಚ್ಚಿ ಆಡುವವರಿಂದ ಪಾತ್ರಗಳು ಸತ್ತದ್ದನ್ನು ನೋಡಿದ್ದೇನೆ. ಬಿದ್ದವರು ತಮ್ಮ ಪ್ರತಿ ಸರದಿಯಲ್ಲೂ ಇಪ್ಪತ್ತು ಮುಖದ ದಾಳ ಉರುಳಿಸಬೇಕು. 10 ಅಥವಾ ಹೆಚ್ಚು ಬಂದರೆ ಗೆಲುವು, ಕಡಿಮೆ ಬಂದರೆ ಸೋಲು, ಮೂರು ಸೋಲು ಸೇರಿದರೆ ಸಾವು. 1 ಬಿದ್ದರೆ ಎರಡು ಸೋಲು, 20 ಬಿದ್ದರೆ ಒಂದು ಪಾಯಿಂಟ್‌ನೊಂದಿಗೆ ತಾನಾಗಿ ಎಚ್ಚರ. ಬಿದ್ದಿರುವವರ ಮೇಲೆ ಐದು ಅಡಿಯೊಳಗಿನಿಂದ ಶತ್ರುವಿನ ಪೆಟ್ಟು ತಗುಲಿದರೆ ಒಂದೇ ಹೊಡೆತಕ್ಕೆ ಎರಡು ಸೋಲು ಸೇರುತ್ತದೆ. ನಿಮ್ಮ ಸರದಿ ಬರುವ ಮೊದಲೇ ಇಬ್ಬರು ಶತ್ರುಗಳ ಸರದಿ ಇದ್ದರೆ ಬಿದ್ದವರಿಗೆ ಉಳಿಗಾಲವಿಲ್ಲ.

ಮೊದಲ ಲೆವೆಲ್‌ನಲ್ಲಿ ಇನ್ನೊಂದು ಅಪಾಯವಿದೆ. ಸೊನ್ನೆಗಿಳಿದ ಮೇಲೆ ಉಳಿಯುವ ಪೆಟ್ಟು ಪಾತ್ರದ ಗರಿಷ್ಠ ಹಿಟ್ ಪಾಯಿಂಟ್‌ನಷ್ಟೋ ಅದಕ್ಕಿಂತ ಹೆಚ್ಚೋ ಇದ್ದರೆ ದಾಳ ಉರುಳಿಸುವ ಅವಕಾಶವೂ ಇಲ್ಲದೆ ಸಾವು ಬರುತ್ತದೆ. ಗರಿಷ್ಠ 8 ಇರುವ ಪಾತ್ರವನ್ನು 2ರಲ್ಲಿ ಬಿಡುವುದೂ 28 ಇರುವ ಯೋಧನನ್ನು 2ರಲ್ಲಿ ಬಿಡುವುದೂ ಒಂದೇ ಅಲ್ಲ.

ಮೇಲಿನ ಲೆವೆಲ್‌ಗಳಲ್ಲಿ ಲೆಕ್ಕ ತಿರುಗುತ್ತದೆ. ಕ್ಲೆರಿಕ್‌ಗೆ ಹನ್ನೊಂದನೇ ಲೆವೆಲ್‌ನಲ್ಲಿ ಸಿಗುವ ಹೀಲ್ ಮಂತ್ರ ದಾಳವಿಲ್ಲದೆ 70 ಪಾಯಿಂಟ್ ಮರಳಿಸುತ್ತದೆ. ಅಂಥ ಮಂತ್ರವನ್ನು ಸಂಗಾತಿ ಇನ್ನೂ ನಿಂತಿರುವಾಗಲೇ ಬಳಸುವುದು ಸರಿ. 2024ರ ಪರಿಷ್ಕರಣೆಯಲ್ಲಿ ಕ್ಯೂರ್ ವೂಂಡ್ಸ್‌ಗೆ ಎಂಟು ಮುಖದ ಎರಡು ದಾಳ, ಹೀಲಿಂಗ್ ವರ್ಡ್‌ಗೆ ನಾಲ್ಕು ಮುಖದ ಎರಡು ದಾಳ ಎಂದು ಬದಲಾಯಿಸಿರುವುದರಿಂದ ಕೆಳಗಿನ ಲೆವೆಲ್‌ಗಳಲ್ಲಿಯೂ ಮೊದಲೇ ಗುಣಪಡಿಸುವುದು ಈಗ ಹಿಂದಿಗಿಂತ ಸಾರ್ಥಕವಾಗಿದೆ. ನನ್ನ ದೃಷ್ಟಿಯಲ್ಲಿ ಇದು ಆ ಪರಿಷ್ಕರಣೆಯ ಅತ್ಯುತ್ತಮ ನಿರ್ಧಾರಗಳಲ್ಲಿ ಒಂದು.

ತಂಡದಲ್ಲಿ ಹೀಲರ್ ಇಲ್ಲದಿದ್ದರೆ ಆಡಲು ಸಾಧ್ಯವೇ?

ಖಂಡಿತ ಸಾಧ್ಯ. ಯಾರಿಗೂ ಇಷ್ಟವಿಲ್ಲದ ವರ್ಗವನ್ನು ಒಬ್ಬರ ತಲೆಗೆ ಕಟ್ಟುವುದಕ್ಕಿಂತ ಹೀಲರ್ ಇಲ್ಲದೆ ಆಡುವುದೇ ಮೇಲು. ಒಂದು ಗಂಟೆಯ ಸಣ್ಣ ವಿಶ್ರಾಂತಿಯಲ್ಲಿ ಪ್ರತಿ ಪಾತ್ರವೂ ತನ್ನ ಹಿಟ್ ಡೈಸ್ ಎಂಬ ದಾಳಗಳನ್ನು ಉರುಳಿಸಿ ಚೇತರಿಸಿಕೊಳ್ಳಬಹುದು. ಎಂಟು ಗಂಟೆಯ ದೀರ್ಘ ವಿಶ್ರಾಂತಿಯಿಂದ ಎಲ್ಲ ಹಿಟ್ ಪಾಯಿಂಟ್‌ಗಳೂ ಮರಳುತ್ತವೆ. 50 ಚಿನ್ನದ ನಾಣ್ಯದ ಹೀಲಿಂಗ್ ಪೋಷನ್ ಸರಾಸರಿ 7 ಪಾಯಿಂಟ್ ಕೊಡುತ್ತದೆ. 2014ರಲ್ಲಿ ಅದನ್ನು ಕುಡಿಯಲು ಇಡೀ ಆಕ್ಷನ್ ಬೇಕಿತ್ತು, 2024ರಿಂದ ಬೋನಸ್ ಆಕ್ಷನ್ ಸಾಕು. ಹೀಲರ್ಸ್ ಕಿಟ್ ಎಂಬ ಚಿಕಿತ್ಸೆಯ ಚೀಲವನ್ನು ಹತ್ತು ಬಾರಿ ಬಳಸಬಹುದು, ಒಂದೊಂದು ಬಾರಿಯೂ ಸಾಯುತ್ತಿರುವವರನ್ನು ದಾಳವಿಲ್ಲದೆ ಸ್ಥಿರಗೊಳಿಸಬಹುದು. ಪ್ರತಿಯೊಬ್ಬರ ಚೀಲದಲ್ಲೂ ಒಂದೊಂದು ಪೋಷನ್ ಇರಲಿ. ಅದು ಬಿದ್ದವರ ಚೀಲದಲ್ಲಿ ಎಲ್ಲಿದೆ ಎಂಬುದು ಉಳಿದವರಿಗೂ ಗೊತ್ತಿರಲಿ.

ಇದೇ ಆಟದ ಹಿಂದಿನ ಆವೃತ್ತಿಗಳೂ ಬೇರೆ ಆಟಗಳೂ ಈ ಕೊರತೆಯನ್ನು ಬೇರೆ ರೀತಿಯಲ್ಲಿ ತುಂಬಿವೆ. 2000ದ ಮೂರನೇ ಆವೃತ್ತಿಯಲ್ಲಿ 750 ಚಿನ್ನದ ನಾಣ್ಯಕ್ಕೆ 50 ಬಾರಿ ಬಳಸಬಹುದಾದ, ಸಣ್ಣ ಗಾಯ ಮಾಯಿಸುವ ಮಂತ್ರದಂಡ ಸಿಗುತ್ತಿತ್ತು, ತಂಡಗಳು ಅದನ್ನು ಕಾಳಗಗಳ ನಡುವೆ ಧಾರಾಳವಾಗಿ ಬಳಸುತ್ತಿದ್ದವು. ನಾಲ್ಕನೇ ಆವೃತ್ತಿ ಪ್ರತಿ ಪಾತ್ರಕ್ಕೂ ಹೀಲಿಂಗ್ ಸರ್ಜ್‌ಗಳನ್ನು ಕೊಟ್ಟಿತು. ಒಂದು ಸರ್ಜ್ ಗರಿಷ್ಠ ಪಾಯಿಂಟ್‌ನ ಕಾಲು ಭಾಗವನ್ನು ಮರಳಿಸುತ್ತಿತ್ತು. 2019ರ ಪಾಥ್‌ಫೈಂಡರ್ ಎರಡನೇ ಆವೃತ್ತಿಯಲ್ಲಿ ವೈದ್ಯಕೀಯ ಕೌಶಲ ಕಲಿತ ಯಾರು ಬೇಕಾದರೂ ಹತ್ತು ನಿಮಿಷದ ಆರೈಕೆಯಿಂದ, ಪ್ರಯತ್ನ ಫಲಿಸಿದರೆ, ಎಂಟು ಮುಖದ ಎರಡು ದಾಳದಷ್ಟು ಗುಣಪಡಿಸಬಹುದು. ಮಂತ್ರವಿಲ್ಲದ ವೈದ್ಯನಿಗೆ ಇಷ್ಟು ಗೌರವ ಕೊಟ್ಟಿರುವುದಕ್ಕಾಗಿ ಆ ಆಟದ ಮೇಲೆ ನನಗೆ ವಿಶೇಷ ಪ್ರೀತಿ.

ವಿಷ, ರೋಗ, ಶಾಪಗಳನ್ನೂ ಇದೇ ಮಂತ್ರಗಳು ಕಳೆಯುತ್ತವೆಯೇ?

ಇಲ್ಲ. ಹಿಟ್ ಪಾಯಿಂಟ್ ಮರಳಿಸುವುದು ಒಂದು ವಿದ್ಯೆ, ಬಾಧೆ ಕಳೆಯುವುದು ಇನ್ನೊಂದು. ಎರಡನೇ ಹಂತದ ಲೆಸರ್ ರೆಸ್ಟೊರೇಷನ್ ಕುರುಡು, ಕಿವುಡು, ವಿಷ, ಪಾರ್ಶ್ವವಾಯುಗಳನ್ನು ಕಳೆಯುತ್ತದೆ. ಶಾಪಕ್ಕೆ ಮೂರನೇ ಹಂತದ ರಿಮೂವ್ ಕರ್ಸ್ ಬೇಕು, ಇದು ವಿಝಾರ್ಡ್‌ಗೂ ಸಿಗುತ್ತದೆ. ಕಲ್ಲಾದವರನ್ನು ಮರಳಿ ಮನುಷ್ಯರನ್ನಾಗಿಸಲು ಐದನೇ ಹಂತದ ಗ್ರೇಟರ್ ರೆಸ್ಟೊರೇಷನ್, ಕಡಿದುಹೋದ ಕೈಕಾಲು ಬೆಳೆಸಲು ಏಳನೇ ಹಂತದ ರೀಜನರೇಟ್ ಬೇಕಾಗುತ್ತದೆ.

ಸತ್ತವರನ್ನು ಬದುಕಿಸುವುದು ಹೇಗೆ? ಬದುಕಿಸಬಹುದಾದರೆ ಸಾವಿಗೆ ಬೆಲೆಯೇನು ಉಳಿಯಿತು?

ಬದುಕಿಸುವ ಮಂತ್ರಗಳು ಮೆಟ್ಟಿಲುಮೆಟ್ಟಿಲಾಗಿವೆ. ಐದನೇ ಲೆವೆಲ್‌ನ ಕ್ಲೆರಿಕ್‌ಗೆ ಸಿಗುವ ರಿವಿವಿಫೈ, ಸತ್ತು ಒಂದು ನಿಮಿಷದೊಳಗಿದ್ದವರನ್ನು ಒಂದು ಪಾಯಿಂಟ್‌ನೊಂದಿಗೆ ಎಬ್ಬಿಸುತ್ತದೆ, 300 ಚಿನ್ನದ ನಾಣ್ಯದ ವಜ್ರಗಳು ಅದರಲ್ಲಿ ಕರಗಿಹೋಗುತ್ತವೆ. ಒಂಬತ್ತನೇ ಲೆವೆಲ್‌ನಲ್ಲಿ ಸಿಗುವ ರೇಸ್ ಡೆಡ್ ಹತ್ತು ದಿನಗಳವರೆಗಿನ ಶವಕ್ಕೆ ಕೆಲಸ ಮಾಡುತ್ತದೆ, 500ರ ವಜ್ರ ಬೇಕು. ಎದ್ದವರು ಕೆಲವು ದಿನ ದುರ್ಬಲರಾಗಿಯೇ ಇರುತ್ತಾರೆ. ರೆಸರೆಕ್ಷನ್‌ಗೆ ನೂರು ವರ್ಷದ ಮಿತಿ, 1,000ದ ವಜ್ರ. ಎಲ್ಲಕ್ಕೂ ಮೇಲಿನ ಟ್ರೂ ರೆಸರೆಕ್ಷನ್‌ಗೆ ಇನ್ನೂರು ವರ್ಷ, 25,000 ನಾಣ್ಯದ ವಜ್ರಗಳು. ಶವವೇ ಇಲ್ಲದಿದ್ದರೂ ಅದು ಹೊಸ ದೇಹ ಕೊಡಬಲ್ಲದು. ಮುಪ್ಪಿನಿಂದ ಸತ್ತವರನ್ನು ರಿವಿವಿಫೈ, ರೆಸರೆಕ್ಷನ್, ಟ್ರೂ ರೆಸರೆಕ್ಷನ್ ಎಬ್ಬಿಸುವುದಿಲ್ಲ.

ಸಾವಿನ ಬೆಲೆಯ ಬಗ್ಗೆ ಕೇಳುವುದು ನ್ಯಾಯವಾದದ್ದು. ವಜ್ರ ಎಷ್ಟು ಸುಲಭವಾಗಿ ಸಿಗುತ್ತದೆ ಎಂಬುದನ್ನು ಆಟ ನಡೆಸುವವರು ನಿರ್ಧರಿಸುತ್ತಾರಾದ್ದರಿಂದ, ಸಾವಿನ ತೂಕವೂ ಅವರ ಕೈಯಲ್ಲೇ ಇದೆ. ರೇಸ್ ಡೆಡ್ ಮತ್ತು ಅದರ ಮೇಲಿನ ಮಂತ್ರಗಳಿಗೆ ಸತ್ತವರ ಆತ್ಮ ಮರಳಲು ಒಪ್ಪಬೇಕು ಎಂಬ ನಿಯಮವನ್ನು ಬಹಳ ಜನ ಓದಿ ಮರೆಯುತ್ತಾರೆ. ನಾನು ಆಟ ನಡೆಸುವಾಗ ಆ ಒಂದು ಸಾಲಿನ ಮೇಲೆ ಇಡೀ ಸಂಜೆಯನ್ನು ಕಳೆದಿದ್ದೇನೆ. ಸಂಗಾತಿಗಳು ಶವದ ಸುತ್ತ ಕುಳಿತು, ನೀನು ಏಕೆ ಮರಳಬೇಕು ಎಂದು ಒಬ್ಬೊಬ್ಬರಾಗಿ ಹೇಳಿದರು. ಸತ್ತ ಪಾತ್ರವನ್ನು ಆಡುತ್ತಿದ್ದಾಕೆ ಎಲ್ಲವನ್ನೂ ಕೇಳಿ, ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಬರುವುದಿಲ್ಲ ಎಂದಳು. ಆ ವಜ್ರವನ್ನು ತಂಡ ಮುಂದೆಂದೂ ಮಾರಲಿಲ್ಲ.

ಜೀವಂತ ಶವಗಳಿಗೆ ಗುಣಪಡಿಸುವ ಮಂತ್ರ ಹಾಕಿದರೆ ಏನಾಗುತ್ತದೆ?

ಆಟದಿಂದ ಆಟಕ್ಕೆ ಉತ್ತರ ಬದಲಾಗುತ್ತದೆ. ಮೂರನೇ ಆವೃತ್ತಿಯಲ್ಲಿಯೂ ಪಾಥ್‌ಫೈಂಡರ್‌ನಲ್ಲಿಯೂ ಜೀವಶಕ್ತಿಯಿಂದ ಗುಣಪಡಿಸುವ ಮಂತ್ರ ಜೀವಂತ ಶವಗಳನ್ನು ಸುಡುತ್ತದೆ, ಏಕೆಂದರೆ ಅವುಗಳನ್ನು ನಡೆಸುತ್ತಿರುವುದು ಅದಕ್ಕೆ ತದ್ವಿರುದ್ಧವಾದ ಶಕ್ತಿ. ಪಾಥ್‌ಫೈಂಡರ್ ಎರಡನೇ ಆವೃತ್ತಿಯ ಹೀಲ್ ಮಂತ್ರಕ್ಕೆ ಮೂರು ಆಕ್ಷನ್‌ಗಳನ್ನು ಕೊಟ್ಟರೆ 30 ಅಡಿಯೊಳಗಿನ ಸಂಗಾತಿಗಳು ಚೇತರಿಸಿಕೊಳ್ಳುತ್ತಿರುವಾಗಲೇ ಅಲ್ಲಿರುವ ಜೀವಂತ ಶವಗಳಿಗೆ ಪೆಟ್ಟು ಬೀಳುತ್ತದೆ. ಫೈನಲ್ ಫ್ಯಾಂಟಸಿ ಎಂಬ ವಿಡಿಯೊ ಆಟಗಳ ಸರಣಿಯ ಹಲವು ಆಟಗಳಲ್ಲಿಯೂ ಹೀಗೆಯೇ. 2014ರ ಐದನೇ ಆವೃತ್ತಿಯಲ್ಲಿ ಮಾತ್ರ ಕ್ಯೂರ್ ವೂಂಡ್ಸ್ ಅವುಗಳ ಮೇಲೆ ಯಾವ ಪರಿಣಾಮವನ್ನೂ ಬೀರುವುದಿಲ್ಲ.

ಕಂಪ್ಯೂಟರ್ ಆಟಗಳಲ್ಲಿ ಹೀಲರ್ ಕೆಲಸ ಮೇಜಿನ ಆಟಕ್ಕಿಂತ ಏಕೆ ಅಷ್ಟು ಭಿನ್ನ?

ಮೇಜಿನ ಆಟದಲ್ಲಿ ಯೋಚಿಸಲು ಸಮಯವಿದೆ, ಮಂತ್ರಗಳು ದಿನಕ್ಕೆ ಕೆಲವೇ. ಅಂತರ್ಜಾಲದ ಬಹುಜನ ಆಟಗಳಲ್ಲಿ ಪೆಟ್ಟು ನಿರಂತರವಾಗಿ ಬೀಳುತ್ತಿರುತ್ತದೆ, ಗುಣಪಡಿಸುವುದೂ ನಿರಂತರವಾಗಿಯೇ ನಡೆಯಬೇಕು. 1987ರ ಮೊದಲ ಫೈನಲ್ ಫ್ಯಾಂಟಸಿಯ ಆರು ವರ್ಗಗಳಲ್ಲಿ ವೈಟ್ ಮೇಜ್‌ಗೆ ಗುಣಪಡಿಸುವುದೇ ಮುಖ್ಯ ಕಸುಬಾಗಿತ್ತು, ರೆಡ್ ಮೇಜ್ ಎರಡೂ ಬಗೆಯ ಮಂತ್ರಗಳನ್ನು ಸ್ವಲ್ಪ ಸ್ವಲ್ಪ ಬಲ್ಲವನಾಗಿದ್ದನು. 1999ರಲ್ಲಿ ಬಂದ ಎವರ್‌ಕ್ವೆಸ್ಟ್‌ನಲ್ಲಿ ಕ್ಲೆರಿಕ್‌ನ ಕಂಪ್ಲೀಟ್ ಹೀಲ್ ಮಂತ್ರ ಹಾಕಿ ಮುಗಿಸಲು ಹತ್ತು ಸೆಕೆಂಡ್ ಬೇಕಿತ್ತು. ದೊಡ್ಡ ರಾಕ್ಷಸನ ಎದುರು ಹತ್ತು ಸೆಕೆಂಡ್ ಎಂದರೆ ಯುಗ. ಆದ್ದರಿಂದ ಹಲವು ಕ್ಲೆರಿಕ್‌ಗಳು ಸರತಿಯಲ್ಲಿ ನಿಂತು, ಒಬ್ಬರ ಮಂತ್ರ ಮುಗಿಯುವಷ್ಟರಲ್ಲಿ ಇನ್ನೊಬ್ಬರದು ಬಂದು ಸೇರುವಂತೆ ಸೆಕೆಂಡ್‌ಗಳನ್ನು ಎಣಿಸಿ ಆರಂಭಿಸುತ್ತಿದ್ದರು. ಒಬ್ಬರು ತಪ್ಪಿದರೆ ಸರಪಳಿಯೇ ಕಡಿದುಹೋಗುತ್ತಿತ್ತು.

ಪೆಟ್ಟು ತಾಳುವ ಟ್ಯಾಂಕ್, ಗುಣಪಡಿಸುವ ಹೀಲರ್, ಪೆಟ್ಟು ಕೊಡುವವರು ಎಂಬ ಮೂವರ ಕೂಟ 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಮೂಲಕ ಎಲ್ಲರಿಗೂ ಪರಿಚಿತವಾಯಿತು. ಅಲ್ಲಿ ಪ್ರೀಸ್ಟ್, ಡ್ರೂಯಿಡ್, ಪ್ಯಾಲಡಿನ್, ಶಾಮನ್‌ಗಳು ಮೊದಲಿಗೆ ಹೀಲರ್‌ಗಳಾಗಿದ್ದರು. 2012ರಲ್ಲಿ ಮಾಂಕ್, 2022ರಲ್ಲಿ ಇವೋಕರ್ ಸೇರಿದರು. ಈ ಕೂಟವನ್ನೇ ಬಿಟ್ಟು, 2012ರ ಗಿಲ್ಡ್ ವಾರ್ಸ್ 2 ಪ್ರತಿಯೊಬ್ಬರಿಗೂ ತಮ್ಮನ್ನು ತಾವೇ ಗುಣಪಡಿಸಿಕೊಳ್ಳುವ ಒಂದು ಕೌಶಲ ಕೊಟ್ಟಿತು. ಆದರೂ ಮೂರೇ ವರ್ಷದಲ್ಲಿ ಅದರ ವಿಸ್ತರಣೆಯಲ್ಲಿ ಡ್ರೂಯಿಡ್ ರೂಪದಲ್ಲಿ ಹೀಲರ್ ಮರಳಿ ಬಂದ. ಇನ್ನೊಬ್ಬರನ್ನು ಕಾಯುವುದರಲ್ಲೇ ಸುಖ ಕಾಣುವ ಆಟಗಾರರು ಎಲ್ಲ ಆಟಗಳಲ್ಲೂ ಇರುತ್ತಾರೆ, ಅವರಿಗೊಂದು ಜಾಗ ಬೇಕೇ ಬೇಕು. ಫೈನಲ್ ಫ್ಯಾಂಟಸಿ 14ರಲ್ಲಿ ನಾಲ್ಕು ಹೀಲರ್ ವರ್ಗಗಳಿದ್ದು, ವೈಟ್ ಮೇಜ್ ಮತ್ತು ಆಸ್ಟ್ರಾಲಜಿಯನ್ ಬಿದ್ದ ಪೆಟ್ಟನ್ನು ತುಂಬಿಕೊಟ್ಟರೆ, ಸ್ಕಾಲರ್ ಮತ್ತು ಸೇಜ್ ಪೆಟ್ಟು ಬೀಳುವ ಮೊದಲೇ ರಕ್ಷಣೆಯ ಪದರ ಕಟ್ಟುತ್ತಾರೆ.

ನನ್ನದೇ ಲೋಕವನ್ನು ಕಟ್ಟುತ್ತಿದ್ದೇನೆ. ಗುಣಪಡಿಸುವ ಮಂತ್ರವನ್ನು ಹೇಗೆ ರೂಪಿಸಲಿ?

ಮೊದಲು ಎಣಿಕೆ ಮಾಡಿ. ಆ ಲೋಕದ ಒಂದು ಪಟ್ಟಣದಲ್ಲಿ ಈ ಮಂತ್ರ ಬಲ್ಲವರು ಎಷ್ಟು ಜನ, ದಿನಕ್ಕೆ ಎಷ್ಟು ಬಾರಿ ಹಾಕಬಲ್ಲರು? ಒಬ್ಬ ಕ್ಲೆರಿಕ್ ದಿನಕ್ಕೆ ಎರಡು ಬಾರಿ ಮಾತ್ರ ಗುಣಪಡಿಸಬಲ್ಲನಾದರೆ ಬಾಗಿಲಲ್ಲಿ ನಿಂತ ಇಪ್ಪತ್ತು ಜನರಲ್ಲಿ ಯಾರಿಬ್ಬರನ್ನು ಆರಿಸುತ್ತಾನೆ? ಹೆಚ್ಚು ಕಾಣಿಕೆ ಕೊಟ್ಟವರನ್ನೇ, ಸಾವಿಗೆ ಹತ್ತಿರವಿದ್ದವರನ್ನೇ, ತನ್ನ ದೈವವನ್ನು ನಂಬುವವರನ್ನೇ? ಈ ಒಂದು ಪ್ರಶ್ನೆಗೆ ನೀವು ಕೊಡುವ ಉತ್ತರದಿಂದಲೇ ದೇಗುಲ, ರಾಜ, ಬಡವ, ವೈದ್ಯ ಎಲ್ಲರ ಸಂಬಂಧ ರೂಪುಗೊಳ್ಳುತ್ತದೆ. ಮಂತ್ರ ಅಪರೂಪವಾದರೆ ಗಿಡಮೂಲಿಕೆಯ ವೈದ್ಯರಿಗೆ ಕೆಲಸವಿರುತ್ತದೆ. ಮಂತ್ರ ಹೇರಳವಾದರೆ ಯುದ್ಧದ ಸ್ವರೂಪವೇ ಬದಲಾಗುತ್ತದೆ. ಎದ್ದು ಬರುವ ಸೈನಿಕರಿರುವ ಸೇನೆಯನ್ನು ಗೆಲ್ಲಲು ಶತ್ರು ಮೊದಲು ಗುಣಪಡಿಸುವವರನ್ನೇ ಹುಡುಕುತ್ತಾನೆ. ಶುಕ್ರಾಚಾರ್ಯರ ಮೃತಸಂಜೀವಿನಿ ವಿದ್ಯೆಯಿಂದ ಅಸುರರು ಸತ್ತಷ್ಟೂ ಎದ್ದು ಬರುತ್ತಿದ್ದುದರಿಂದಲೇ ದೇವತೆಗಳು ಕಚನನ್ನು ಶಿಷ್ಯನನ್ನಾಗಿ ಕಳುಹಿಸಬೇಕಾಯಿತು ಎಂಬ ಕಥೆಯಲ್ಲಿ ಈ ತರ್ಕ ಸ್ಪಷ್ಟವಾಗಿ ಕಾಣುತ್ತದೆ.

ಎರಡನೆಯದಾಗಿ ಮಂತ್ರಕ್ಕೆ ಒಂದು ಬೆಲೆಯಿಡಿ. ಆ ಬೆಲೆ ಸಮಯವಿರಬಹುದು, ವಸ್ತುವಿರಬಹುದು, ಗುಣಪಡಿಸುವವರ ಮೈಗೇ ಆ ನೋವು ಬರುವಂತೆಯೂ ಇರಬಹುದು. ಕೊನೆಯ ಬಗೆ ಕಥೆಗೆ ಚೆಂದ, ಆಟಕ್ಕೆ ಕಷ್ಟ. ಪ್ರತಿ ಬಾರಿಯೂ ತನಗೇ ಪೆಟ್ಟಾಗುವುದಾದರೆ ಆ ವರ್ಗವನ್ನು ಬಹಳ ಕಾಲ ಆಡಲು ಯಾರೂ ಮನಸ್ಸು ಮಾಡುವುದಿಲ್ಲ. ನಾನು ಒಮ್ಮೆ ಹಾಗೆ ಮಾಡಿ ನೋಡಿದೆ. ಮೂರನೇ ವಾರಕ್ಕೆ ಆ ಆಟಗಾರ್ತಿ ಬಿಲ್ಲುಗಾರ್ತಿಯ ಪಾತ್ರಕ್ಕೆ ಬದಲಾಯಿಸಿಕೊಂಡಳು, ತಪ್ಪು ಪೂರ್ತಿ ನನ್ನ ನಿಯಮದ್ದೇ ಆಗಿತ್ತು.

ಸಂಗಾತಿ ಬಿದ್ದಾಗಲೆಲ್ಲ ನನ್ನನ್ನೇ ದೂರುತ್ತಾರೆ. ಏನು ಮಾಡಲಿ?

ಇದು ನಿಯಮದ ಪ್ರಶ್ನೆಯಲ್ಲ, ಆದರೂ ಹೀಲರ್ ವರ್ಗವನ್ನು ಬಿಟ್ಟುಹೋಗುವವರಲ್ಲಿ ಹೆಚ್ಚಿನವರು ಈ ಕಾರಣಕ್ಕೇ ಹೋಗುವುದನ್ನು ನಾನು ನೋಡಿದ್ದೇನೆ. ಬೇಕೆಂದೇ ಐವರು ಶತ್ರುಗಳ ನಡುವೆ ನುಗ್ಗಿದವರನ್ನು ಉಳಿಸುವ ಹೊಣೆ ನಿಮ್ಮೊಬ್ಬರದೇ ಅಲ್ಲ. ಆಟ ಆರಂಭವಾಗುವ ಮೊದಲೇ, ಇವತ್ತು ನನ್ನಲ್ಲಿ ಇಷ್ಟು ಸ್ಲಾಟ್ ಇದೆ, ಒಂದನ್ನು ಕೊನೆಯವರೆಗೂ ಉಳಿಸುತ್ತೇನೆ, ಉಳಿದವನ್ನು ಕಾಳಗ ಬೇಗ ಮುಗಿಸಲು ಬಳಸುತ್ತೇನೆ ಎಂದು ಎಲ್ಲರಿಗೂ ಹೇಳಿಬಿಡಿ. ಲೆಕ್ಕ ಮೊದಲೇ ಎಲ್ಲರ ಮುಂದೆ ಇದ್ದರೆ ಆಮೇಲೆ ದೂರು ಬರುವುದು ಕಡಿಮೆ. ಹೀಗೆ ಹೇಳಿದ ಮೇಲೂ ದೂರುವ ತಂಡವಾದರೆ, ಬೇರೆ ತಂಡ ಹುಡುಕಿಕೊಳ್ಳುವುದರಲ್ಲಿ ಯಾವ ತಪ್ಪೂ ಇಲ್ಲ.

ಮೊದಲ ಬಾರಿ ಹೀಲರ್ ಆಡುವವರಿಗೆ ಯಾವ ವರ್ಗ ಒಳ್ಳೆಯದು?

ಲೈಫ್ ಡೊಮೇನ್ ಕ್ಲೆರಿಕ್ ಆರಿಸಿಕೊಳ್ಳಿ. ಭಾರವಾದ ಕವಚ ತೊಡಬಹುದು, ಆದ್ದರಿಂದ ಆರಂಭದ ತಪ್ಪುಗಳಿಗೆ ಪ್ರಾಣವೇ ಹೋಗುವುದಿಲ್ಲ. ದಿನವೂ ಮಂತ್ರಗಳನ್ನು ಬದಲಾಯಿಸಿಕೊಳ್ಳಬಹುದಾದ್ದರಿಂದ ತಪ್ಪು ಆಯ್ಕೆ ಮರುದಿನಕ್ಕೇ ಸರಿಹೋಗುತ್ತದೆ. ಮಂತ್ರಗಳೇ ಭಾರವೆನಿಸುವವರಿಗೆ ಪ್ಯಾಲಡಿನ್ ಹೇಳಿ ಮಾಡಿಸಿದಂತಿದೆ. ಯಾವುದನ್ನು ಆರಿಸಿದರೂ ಸ್ಲಾಟ್‌ಗಳನ್ನು ಪೆನ್ಸಿಲ್‌ನಿಂದಲೇ ಗುರುತು ಹಾಕಿ, ಹೀಲಿಂಗ್ ವರ್ಡ್ ಅಥವಾ ಕೈಯಿಟ್ಟು ಗುಣಪಡಿಸುವ ನಿಧಿಯನ್ನು ಕ್ಯಾರೆಕ್ಟರ್ ಶೀಟ್‌ನ ಮೇಲ್ಭಾಗದಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ. ಗಾಬರಿಯಾದಾಗ ಕಣ್ಣು ಮೊದಲು ಹೋಗುವುದು ಅಲ್ಲಿಗೇ.